ಹೆಬ್ಬೆಟ್ಟಿನ ಮನೆ

ಭಾತಂಬ್ರಾದ ನಮ್ಮ ಮನೆಗೆ ನೂರು ವರ್ಷ ತುಂಬುತ್ತದೆ, ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸೋಣ ಎಂದು ಅಣ್ಣ ಹೊರಟ. ಬೀದರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ದುಡಿದು ನಿವೃತ್ತಳಾದ ನನಗೇ ಬರೆಯುವ ಕೆಲಸ ಬಂತು.

"ಅಜ್ಜ ಮನಿ ಹ್ಯಾಂಗ ಕಟ್ಟಿಸಿದ, ಎಷ್ಟು ಕಷ್ಟಪಟ್ಟ, ಅಷ್ಟು ಬರಿ ಸಾಕು," ಎಂದ.

ಕಾಗದ ನೋಡದೆ ಬರೆಯುವ ಅಭ್ಯಾಸ ನನಗಿಲ್ಲ. ಭಾಲ್ಕಿಯ ನೋಂದಣಿ ಕಚೇರಿಗೆ ನಾಲ್ಕು ಸಲ ಅಲೆದು ಮನೆಯ ಎರಡು ಹಳೆಯ ದಸ್ತಾವೇಜುಗಳ ನಕಲು ಪಡೆದೆ. ಎರಡೂ ನಿಜಾಮನ ಕಾಲದವು, ಉರ್ದುವಿನಲ್ಲಿದ್ದವು. ಓದಬಲ್ಲ ನಿವೃತ್ತ ಮಾಸ್ತರರೊಬ್ಬರು ಔರಾದಿನಲ್ಲಿದ್ದಾರೆಂದು ಗೊತ್ತಾಗಿ ಬಸ್ಸು ಹತ್ತಿದೆ.

ಮಾಸ್ತರರು ಭೂತಗನ್ನಡಿ ಹಿಡಿದು ಮೊದಲನೆಯದನ್ನು ಓದಿ ತಲೆ ಎತ್ತಿದರು. "ಈ ಮನಿ ನಿಮ್ಮಜ್ಜ ಕಟ್ಟಿಸಿದ್ದಲ್ಲರಿ. ಕಟ್ಟಿದ ಮನಿ ಖರೀದಿ ಆಗ್ಯಾದ. ಖರೀದಿ ಮಾಡಿದಾಕಿ ಒಬ್ಬ ಹೆಣ್ಮಗಳು. ಡಾಬಕಾದವರೊಬ್ಬರ ವಿಧವಾ ಅಂತ ಬರದಾರ." ಆಮೇಲೆ ಹೆಸರು ಓದಿದರು.

ಅದು ಅಜ್ಜನ ಅಕ್ಕನ ಹೆಸರು. ನಾವು ಅವಳನ್ನು ದೊಡ್ಡಾಯಿ ಎನ್ನುತ್ತಿದ್ದೆವು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಡಾಬಕಾದಿಂದ ತವರಿಗೆ ಬಂದವಳು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ದನದ ಕೊಟ್ಟಿಗೆಗೆ ಒತ್ತಿಕೊಂಡಿದ್ದ ಹಿಂದಿನ ಖೋಲಿಯಲ್ಲಿರುತ್ತಿದ್ದಳು. ಇಡೀ ಮನೆಗೆ ರೊಟ್ಟಿ ಬಡಿದು, ಎಲ್ಲರ ಊಟವಾದ ಮೇಲೆ ಉಣ್ಣುತ್ತಿದ್ದಳು. ಅಕ್ಕನಿಗೆ ಅನ್ನ ಹಾಕುವ ಪುಣ್ಯವಂತ ಎಂದು ಊರವರು ಅಜ್ಜನನ್ನು ಹೊಗಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಗಂಡನ ಪಾಲಿಗೆ ಬದಲಾಗಿ ಅತ್ತೆಮನೆಯವರು ಕೊಟ್ಟ ಹಣದಲ್ಲಿ ಅವಳೇ ಆ ಮನೆ ಕೊಂಡಿದ್ದಳೆಂದು ಕಾಗದ ಹೇಳುತ್ತಿತ್ತು. ಅಂದರೆ ಅವಳ ಮನೆಯಲ್ಲಿ ಅಜ್ಜ ಇದ್ದ.

ಎರಡನೆಯದು ದಾನಪತ್ರ. ಅಕ್ಕ ತನ್ನ ಖುಷಿಯಿಂದ ತಮ್ಮನಿಗೆ ಮನೆ ಕೊಟ್ಟಂತೆ ಬರೆದಿತ್ತು.

"ಕೆಳಗ ಎಡಗೈ ಹೆಬ್ಬಟ್ಟು ಅದಾರಿ. ಓದು ಬರಹ ಬರದಾಕಿ ಅಂತ ಸಾಕ್ಷಿದವ್ರು ಬರದಾರ," ಎಂದರು ಮಾಸ್ತರರು.

"ಆಕಿಗಿ ಬರಿಲಿಕ್ಕಿ ಬರ್ತಿತ್ತರಿ," ಎಂದೆ.

ನನಗೆ ಮೊದಲ ಅಕ್ಷರ ತಿದ್ದಿಸಿದವಳೇ ಅವಳು, ಒಲೆಯ ಬೂದಿ ಹರಡಿ. ಮದುವೆಯಾದ ಹೊಸದರಲ್ಲಿ ಮಾವ ಕಲಿಸಿದ್ದನೆಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಕನ್ನಡ, ಮರಾಠಿ ಎರಡರಲ್ಲೂ ಹೆಸರು ಬರೆಯುತ್ತಿದ್ದಳು.

ಮಾಸ್ತರರು ಕಾಗದ ಮಡಚಿ ನನ್ನ ಮುಂದಿಟ್ಟರು. "ಹಂಗಿದ್ರ ಈ ಹೆಬ್ಬಟ್ಟು ಯಾರ್ದು ಅಂತ ನನಗ ಕೇಳಬ್ಯಾಡ್ರಿ. ಚಹಾ ತಗೋರಿ."

ಆ ಅಜ್ಜ ಪ್ರತಿ ಸೋಮವಾರ ಪಡಸಾಲೆಯಲ್ಲಿ ಜನರನ್ನು ಕೂಡಿಸಿ ಶರಣರ ವಚನ ಹಾಡಿಸುತ್ತಿದ್ದ. ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ಅರ್ಥ ಬಿಡಿಸುತ್ತಿದ್ದ. ಒಳಗೆ ದೊಡ್ಡಾಯಿ ಅಷ್ಟೂ ಜನಕ್ಕೆ ಚಹಾ ಕುದಿಸುತ್ತಿದ್ದಳು.

ಬೀದರಿನ ಮೈಲೂರು ಬಡಾವಣೆಯ ನನ್ನ ಮನೆಗೆ ಮರಳಿದಾಗ ಅವ್ವ ತೊಗರಿಬೇಳೆ ಆರಿಸುತ್ತ ಕೂತಿದ್ದಳು. ಎಂಬತ್ತೈದು ದಾಟಿದ್ದಾಳೆ, ನೆನಪು ಗಟ್ಟಿ ಇದೆ. ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ನಮಗೆಲ್ಲಾ ಗೊತ್ತಿತ್ತು. ಆಕಿಗೂ ಗೊತ್ತಿತ್ತು. ನಾ ಸೊಸಿಯಾಗಿ ಬಂದ ಮರುವರ್ಷ, ಭಾಲ್ಕಿ ಕಚೇರಿಗಿ ಹೋಗ್ತೇನಿ ಅಂತ ಒಬ್ಬಾಕಿನೇ ಹೊಂಟಿದ್ಲು. ನಿಮ್ಮಜ್ಜ ಬಸ್ ನಿಲ್ಲೂ ಕಡಿಂದ ರಟ್ಟಿ ಹಿಡ್ದು ಕರ್ಕೊಂಡು ಬಂದ. ಅವತ್ತೇ ಆಕಿ ಹಾಸಿಗಿ ಹಿಂದಿನ ಖೋಲಿಗಿ ಹೋಯ್ತು."

"ನೀ ಏನೂ ಅನ್ಲಿಲ್ಲೇನು?"

"ಹಾಸಿಗಿ ಒಯ್ದಾಕಿನೇ ನಾ," ಎಂದು ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು.

ನಾನು ಎಲ್ಲವನ್ನೂ ಬರೆದು ಅಣ್ಣನಿಗೆ ಕಳಿಸಿದೆ. ಎರಡು ದಿನ ಬಿಟ್ಟು ಮನೆಗೇ ಬಂದ. ಕೂರಲಿಲ್ಲ.

"ಸತ್ತವ್ರನ್ನ ಕಟಕಟಿಗಿ ನಿಂದರಸ್ತಿ ಏನು? ಊರಾಗ ನಾ ಮಾರಿ ಹ್ಯಾಂಗ ತೋರಿಸ್ಲಿ?"

"ಆಕಿ ಹೆಸರಾದ್ರೂ ಹಾಕು."

"ಹಾಕ್ತೇನಿ," ಎಂದ.

ಹಾಕಿದ. ಪುಸ್ತಕ ಬಂದಾಗ ನೋಡಿದೆ: ತಮ್ಮನ ಆಶ್ರಯದಲ್ಲಿ ನೆಮ್ಮದಿಯಿಂದ ಬಾಳಿದ ಅಕ್ಕ ಎಂದು ಅವಳಿಗೆ ಒಂದು ಸಾಲು. ಉಳಿದ ಪುಟಗಳಲ್ಲಿ ಅಜ್ಜ ಬೆವರು ಸುರಿಸಿ ಕಟ್ಟಿಸಿದ ಮನೆ, ಅಣ್ಣನೇ ಬರೆದದ್ದು. ಬರೆದವಳೆಂದು ರಟ್ಟಿನ ಮೇಲೆ ನನ್ನ ಹೆಸರು.

ಜಗಳ ಮಾಡಿದೆನೆಂದು ಹೇಳಿಕೊಳ್ಳಬಹುದಿತ್ತು. ಮಾಡಲಿಲ್ಲ. ನಕಲುಗಳು ನನ್ನಲ್ಲೇ ಇದ್ದವು, ಬೇರೆಡೆ ಅಚ್ಚು ಹಾಕಿಸಬಹುದಿತ್ತು. ಅವ್ವ ಇರುವವರೆಗೆ ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಅವ್ವ ಹಾಗೆ ಕೇಳಿರಲೇ ಇಲ್ಲ. ಅಣ್ಣ ಆ ಪುಟಗಳನ್ನು ತೆಗೆದದ್ದಕ್ಕೆ ಸಿಟ್ಟು ಬಂದದ್ದು ನಿಜ. ಒಳಗೊಳಗೆ ಹಗುರವಾದದ್ದೂ ನಿಜ.

ಮರುವಾರ ಸೊಲ್ಲಾಪುರದ ನೆಂಟರೊಬ್ಬರು ಫೋನ್ ಮಾಡಿದರು. "ಓದಿ ಕಣ್ಣಾಗ ನೀರು ಬಂತು ನೋಡ್ರಿ. ಅಕ್ಕನ್ನ ಜೀವ ಇರೂತನ ಸಾಕಿದ್ರಲ್ಲ, ಎಂಥಾ ದೊಡ್ಡ ಮನುಷ್ಯಾರು ನಿಮ್ಮಜ್ಜ."

"ಹೌದ್ರಿ," ಎಂದೆ.