ಬಾನೆಟ್ ಎತ್ತದೆ ತಂದ ಕಾರು

ಸುಳ್ಯ ಪೇಟೆಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ತೀರ್ಥರಾಮನ ಕಣ್ಣು ತಪ್ಪಿಸಿ ಒಂದು ಡೊಂಕು ಸೌಟನ್ನು ವಾಪಸು ಕೊಟ್ಟವರೂ ಇಲ್ಲ. ಸಮಾರಂಭ ಮುಗಿದು ಪಾತ್ರೆಗಳು ಮರಳಿದ ಕೂಡಲೇ ಅವನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಒಂದೊಂದನ್ನೇ ಬೋರಲು ಹಾಕಿ, ಮಡಚಿದ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಾನೆ. ಸರಿ ಇದ್ದ ಪಾತ್ರೆಯ ಸದ್ದು ಬೇರೆ, ಬಿರುಕು ಬಿಟ್ಟದ್ದರ ಸದ್ದು ಬೇರೆ. "ಇದು ಒಡೆದದ್ದು" ಎಂದು ಬದಿಗಿಟ್ಟನೆಂದರೆ ಮುಗಿಯಿತು, ಎದುರಿಗೆ ನಿಂತವರು ಊರಿನ ಎಷ್ಟು ದೊಡ್ಡ ಮನುಷ್ಯರೇ ಆಗಿರಲಿ. ತೆಂಗಿನಕಾಯಿ, ಹಲಸಿನ ಹಣ್ಣು, ಮಣ್ಣಿನ ಅಳಗೆ, ಎಲ್ಲದಕ್ಕೂ ಇದೇ ಪರೀಕ್ಷೆ. ಮದುವೆಯಾದ ಹೊಸತರಲ್ಲಿ ತನ್ನ ತಲೆಗೂ ಒಮ್ಮೆ ತಟ್ಟಿ ನೋಡಿದ್ದರು ಎಂದು ಹೆಂಡತಿ ನೀಲಾವತಿ ಬಂದವರ ಎದುರು ಹೇಳುವುದುಂಟು.

ಇಂಥ ಮನುಷ್ಯ, ಜೀವಮಾನದಲ್ಲಿ ಮೊದಲ ಸಲ ಒಂದು ಕಾರು ತೆಗೆದುಕೊಳ್ಳುವಾಗ ಅದರ ಬಾನೆಟ್ ಕೂಡ ಎತ್ತಿ ನೋಡಲಿಲ್ಲ.

ಕಾರಣ ಇಷ್ಟೆ. ಕಾರು ಕೊಟ್ಟವರು ಕಡಬದ ಕಡೆಯ ಗೌರೀಶಂಕರರು. ತೀರ್ಥರಾಮನ ಒಬ್ಬಳೇ ಮಗಳು ಹೇಮಶ್ರೀಯನ್ನು ಅವರ ಮಗ ಭವಿತ್‌ಗೆ ಕೊಡುವುದೆಂದು ನಿಶ್ಚಯವಾಗಿ ವೀಳ್ಯಶಾಸ್ತ್ರವೂ ಮುಗಿದಿತ್ತು. ಇನ್ನು ಉಳಿದದ್ದು ಮದುವೆಗೆ ಹೇಳುವ ಕೆಲಸ. ಪತ್ರಿಕೆಯನ್ನು ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಂಡರೆ ಅರ್ಧ ನೆಂಟರು ಬರುವುದಿಲ್ಲ, ಉಳಿದರ್ಧ ಬಂದು ಮುಖ ಊದಿಸಿಕೊಂಡು ಕೂರುತ್ತಾರೆ. ಮನೆಗೆ ಹೋಗಿ, ಕುಳಿತು, ಒಂದು ಲೋಟ ಏನಾದರೂ ಕುಡಿದು ಹೇಳಿದರೆ ಮಾತ್ರ ಹೇಳಿದ ಹಾಗೆ. ಪುತ್ತೂರಿನಿಂದ ಕಡಬದವರೆಗೆ ಹರಡಿಕೊಂಡ ನೆಂಟರ ಮನೆಗಳನ್ನೆಲ್ಲ ಸ್ಕೂಟರಿನಲ್ಲಿ ಸುತ್ತಿದರೆ ಮದುವೆಯ ದಿನ ಗಂಡ ಹೆಂಡತಿ ಇಬ್ಬರನ್ನೂ ಎತ್ತಿಕೊಂಡೇ ಹೋಗಬೇಕಾದೀತು. ಅದಕ್ಕೇ ಗೌರೀಶಂಕರರು ತಮ್ಮ ಹಳೆಯ ಕಾರು ಕೊಡುವುದಿದೆ ಎಂದಾಗ ತೀರ್ಥರಾಮ ಹೆಂಡತಿ, ಮಗಳನ್ನು ಕರೆದುಕೊಂಡು ಕೂಡಲೇ ಹೊರಟ.

ಗುಡ್ಡದ ನೆತ್ತಿಯ ಆ ಮನೆಯಲ್ಲಿ ಕೋಳಿ ಸಾರು, ನೀರುದೋಸೆಯ ಊಟ ಗಡದ್ದಾಗಿಯೇ ಆಯಿತು. ಊಟ ಮುಗಿಸಿ ಅಂಗಳಕ್ಕಿಳಿದಾಗ ಗೌರೀಶಂಕರರು ಬಾನೆಟ್ಟಿನ ಮೇಲೆ ಕೈಯಿಟ್ಟು, "ಭಾವ, ಒಮ್ಮೆ ಒಳಗೆ ನೋಡಿ. ಇದರಲ್ಲಿ ಚೂರು..." ಎಂದು ಶುರು ಮಾಡಿದ್ದರು. ತೀರ್ಥರಾಮ ಆ ಕೈಯನ್ನೇ ಹಿಡಿದುಕೊಂಡ.

"ಬೇಡ ಭಾವ. ಹೆಣ್ಣು ಕೊಡುದು ತರುದು ಆದ ಮೇಲೆ ನಮ್ಮೊಳಗೆ ಎಂತ ಪರೀಕ್ಷೆ?"

ಜಗಲಿಯಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ತೀರ್ಥರಾಮನ ಎದೆ ಉಬ್ಬಿತು. ಪೂರ್ತಿ ಹಣವನ್ನು ಅಲ್ಲೇ ಕೊಟ್ಟು ಕೀಲಿಕೈ ತೆಗೆದುಕೊಂಡ.

ಅವನಿಗೆ ಕಾರು ಬಿಡಲು ಬಾರದು. ಬಿಟ್ಟದ್ದು ಹೇಮಶ್ರೀ. ಪುತ್ತೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ, ಯಾವುದನ್ನೂ ನೋಡದೆ ಸರಿ ಎನ್ನುವವಳಲ್ಲ. ಆದರೆ ಅಪ್ಪ ಅಷ್ಟು ಜನರ ಎದುರು ಅಂಥ ದೊಡ್ಡ ಮಾತು ಆಡಿದ ಮೇಲೆ ಅವಳೂ ಬಾನೆಟ್ ಎತ್ತದೆಯೇ ಸ್ಟಿಯರಿಂಗ್ ಹಿಡಿದಳು. ಗುಡ್ಡ ಇಳಿಯುವಾಗ ಕಾರು ಹೂವಿನ ಹಾಗೆ ಹೋಯಿತು. "ನೋಡು, ಸದ್ದೇ ಇಲ್ಲ!" ಎಂದು ತೀರ್ಥರಾಮ ಹೆಂಡತಿಯತ್ತ ತಿರುಗಿ ಹಿಗ್ಗಿದ. ಪಂಜ ದಾಟುವವರೆಗೂ ಆ ಹಿಗ್ಗು ಇತ್ತು.

ಬೆಳ್ಳಾರೆ ಇನ್ನೂ ದೂರವಿದೆ ಎನ್ನುವಾಗ ಒಂದು ಏರು ಬಂತು. ಕಾರು ಅರ್ಧ ಹತ್ತಿತು, ಏದುಸಿರು ಬಿಟ್ಟಿತು, ಎದುರಿನಿಂದ ಬುಸ್ಸೆಂದು ಬಿಳಿಯ ಹಬೆ ಎದ್ದು ರಸ್ತೆಯೇ ಕಾಣದಾಯಿತು. ಹೇಮಶ್ರೀ ಬದಿಗೆ ತಂದು ನಿಲ್ಲಿಸಿದಳು. ಕುಡಿಯಲು ತಂದಿದ್ದ ನೀರನ್ನೆಲ್ಲ ಕಾರಿಗೆ ಕುಡಿಸಿದರು. ಅಷ್ಟು ಸಾಲದೆಂದು ತೀರ್ಥರಾಮ ಬಿಳಿ ಪಂಚೆ ಎತ್ತಿಕಟ್ಟಿ ತೋಡಿಗಿಳಿದು ಬಾಟಲಿ ತುಂಬಿಸಿಕೊಂಡು ಬಂದ. ಆ ರಸ್ತೆಯಲ್ಲಿ ಅವನಿಂದ ಪಾತ್ರೆ ಕೊಂಡುಹೋಗದ ಮನೆ ಯಾವುದು? ಹೋಗುವ ಜೀಪು, ರಿಕ್ಷಾಗಳೆಲ್ಲ ನಿಂತು ನಿಂತು ವಿಚಾರಿಸಿದವು.

"ಎಂತ ತೀರ್ಥಣ್ಣ, ಹೊಸ ಕಾರಾ?"

"ಹೌದು ಮಾರಾಯ. ಎಂತ ಇಲ್ಲ, ಚೂರು ತಣಿಲಿಕ್ಕೆ ಬಿಟ್ಟದ್ದು."

ಹೀಗೆ ತಣಿಸುತ್ತ, ತಣಿಸುತ್ತ ಮನೆ ಮುಟ್ಟುವಾಗ ಮೂವರ ಮುಖವೂ ಕಾರಿಗಿಂತ ಬಿಸಿಯಾಗಿತ್ತು.

ಮನೆಯ ಇಳಿಜಾರಿನ ಬುಡದಲ್ಲೇ ಮೆಕ್ಯಾನಿಕ್ ಪೋಕರ್‌ನ ಗ್ಯಾರೇಜು. ಮರುದಿನ ಅವನು ಹತ್ತಿ ಬಂದು, ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿಯನ್ನು ಎಳೆದು ತೀರ್ಥರಾಮನ ಮೂಗಿನ ಮುಂದೆ ಹಿಡಿದ. ಕಪ್ಪಗಿರಬೇಕಾದ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು.

"ನೀರು ಎಂಜಿನಿನ ಒಳಗೆ ಹೋಗ್ತಾ ಉಂಟು ತೀರ್ಥಣ್ಣ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ಡೇ ಡೊಂಕಾಗಿರಬೇಕು. ಎಂಜಿನ್ ಪೂರಾ ಬಿಚ್ಚಬೇಕಾಗ್ತದೆ. ಇದು ನಿನ್ನೆ ಮೊನ್ನೆಯದ್ದಲ್ಲ, ಸೋರುದು ನಿಲ್ಲಲಿಕ್ಕೆ ರೇಡಿಯೇಟರಿಗೆ ಎಂತದೋ ಪುಡಿ ಹಾಕಿದ್ದಾರೆ. ಕೊಟ್ಟವರಿಗೆ ಗೊತ್ತಿಲ್ಲದೆ ಇರ್ಲಿಕ್ಕಿಲ್ಲ. ಯಾರು ಕೊಟ್ಟದ್ದು?"

ತೀರ್ಥರಾಮ ಹೇಳಲಿಲ್ಲ. ಹೇಳಿದರೆ ಸಂಜೆಯೊಳಗೆ ಸುಳ್ಯ ಪೇಟೆಗೆಲ್ಲ ಗೊತ್ತಾಗುತ್ತದೆ.

"ಗ್ಯಾರೇಜಿನಲ್ಲಿ ಜಾಗ ಆಗುವಾಗ ಹೇಳ್ತೇನೆ. ಅಲ್ಲಿಯವರೆಗೆ ಸ್ಟಾರ್ಟ್ ಮಾಡ್ಲೇಬೇಡಿ. ದೂಡಿಯೇ ತನ್ನಿ" ಎಂದು ಪೋಕರ್ ಇಳಿದು ಹೋದ.

ಅಲ್ಲಿಂದ ಶುರುವಾಯಿತು ರಗಳೆ. ತೀರ್ಥರಾಮನಿಗೆ ಬೈಯಬೇಕಾದವರನ್ನು ಬೈಯುವ ಹಾಗಿಲ್ಲ, ಹಾಗಾಗಿ ಉಳಿದವರನ್ನೆಲ್ಲ ಬೈದ. ಶಾಮಿಯಾನದ ಹಗ್ಗ ಗಂಟಾಯಿತೆಂದು ಕೆಲಸದವರಿಗೆ ಬೈದ, ಕಾರಿನ ಮೇಲೆ ಮಲಗಿತೆಂದು ಬೆಕ್ಕಿಗೆ ಬೈದ, ಬೆಕ್ಕಿಗೆ ಯಾಕೆ ಬೈಯುವುದು ಎಂದ ನೀಲಾವತಿಗೂ ಬೈದ. ಮನೆಮನೆಗೆ ಹೇಳಲು ಕೊನೆಗೆ ಸ್ಕೂಟರೇ ಗತಿಯಾಯಿತು. ಹೋದಲ್ಲೆಲ್ಲ "ಕಾರು ತೆಗೊಂಡದ್ದಂತೆ?" ಎಂಬ ಪ್ರಶ್ನೆ. ನಾಲ್ಕು ಚಕ್ರದ ಆಸ್ತಿ ಅಂಗಳದಲ್ಲಿ ಹಾಯಾಗಿ ಮಲಗಿರಲು, ಹಿಂದಿನ ಸೀಟಿನಲ್ಲಿ ಪತ್ರಿಕೆಯ ಚೀಲ ಅಪ್ಪಿಕೊಂಡ ಹೆಂಡತಿಯ ಗೊಣಗಾಟ ಕೇಳುತ್ತ ಹೊಂಡ ತಪ್ಪಿಸುವ ಯೋಗ ಅವನದ್ದು.

ಗೌರೀಶಂಕರರಿಗೆ ಫೋನು ಮಾಡಲಿಲ್ಲವೆಂದಲ್ಲ. ಇವತ್ತು ಹೇಳಿಯೇ ಬಿಡುತ್ತೇನೆಂದು ಹಲ್ಲು ಕಚ್ಚಿ ಫೋನೆತ್ತುತ್ತಿದ್ದ. ಆಚೆಯಿಂದ "ಹಾಂ ಭಾವ" ಎಂಬ ದನಿ ಕೇಳಿದ್ದೇ ತಡ, ಇವನ ದನಿ ಬೆಣ್ಣೆಯಾಗುತ್ತಿತ್ತು. "ಎಲ್ಲರೂ ಹುಷಾರಾ ಭಾವ? ಹೀಗೇ ಸುಮ್ಮನೆ ಮಾಡಿದ್ದು."

"ಕಾರು ಹೇಗುಂಟು ಭಾವ?"

"ಲಾಯ್ಕ ಉಂಟು, ಲಾಯ್ಕ ಉಂಟು."

ಒಂದು ಭಾನುವಾರ ಹೇಮಶ್ರೀ ಪುತ್ತೂರಿನಿಂದ ಮನೆಗೆ ಬಂದಾಗ ಇಂಥದೇ ಒಂದು ಫೋನು ಮುಗಿಯುತ್ತಿತ್ತು. ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ಅಪ್ಪ, ಯಾಕೆ ಹೇಳುದಿಲ್ಲ ನೀವು?"

"ಹೇಗೆ ಹೇಳುದು? ನಿನ್ನನ್ನು ಕೊಡುವ ಮನೆ ಅದು. ನಾಳೆ ಇದನ್ನೇ ಹಿಡ್ಕೊಂಡು ನಿನಗೊಂದು ಮಾತು ಅಂದ್ರೆ? ನಿನಗೋಸ್ಕರವೇ ನಾನು ಬಾಯಿ ಮುಚ್ಚಿದ್ದು."

ಹೇಮಶ್ರೀ ಚೀಲವನ್ನು ಕೆಳಗಿಟ್ಟಳು. "ಒಂದು ಕಾರಿನ ವಿಷಯ ಹೇಳ್ಲಿಕ್ಕೆ ಆಗ್ಲಿಲ್ಲ ನಿಮಗೆ. ನಾಳೆ ಆ ಮನೆಯಲ್ಲಿ ನನಗೆ ಎಂತಾದ್ರೂ ಕಷ್ಟ ಆಗಿ ಬಂದು ಹೇಳಿದ್ರೆ, ಆಗಲೂ ಫೋನ್ ಮಾಡಿ ಲಾಯ್ಕ ಉಂಟು ಅಂತಲೇ ಹೇಳುದಾ?"

ಅಷ್ಟು ಹೇಳಿ ಒಳಗೆ ಹೋದಳು. ತೀರ್ಥರಾಮನಿಗೆ ಬೈಯಲು ಯಾರೂ ಸಿಗಲಿಲ್ಲ. ಬೆಕ್ಕು ಕೂಡ ಅಲ್ಲಿರಲಿಲ್ಲ. ಬೇಜಾರಾಯಿತು, ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಇಷ್ಟು ದಿನ ತಾನು ಮಗಳನ್ನು ಕಾಯುತ್ತಿದ್ದೇನೆ ಎಂದೇ ಅವನು ತಿಳಿದಿದ್ದ.

ಚಪ್ಪರದ ಮಾತಿಗೆಂದು ಅದರ ಮುಂದಿನ ಭಾನುವಾರ ಗೌರೀಶಂಕರರೇ ಬಂದರು. ಅಂಗಳದಲ್ಲಿ ತರಗೆಲೆ ಹೊದ್ದುಕೊಂಡು ನಿಂತ ಕಾರನ್ನು ಕಂಡರೂ ಕಾಣದವರ ಹಾಗೆ ಜಗಲಿ ಹತ್ತಿ ಕುಳಿತರು. ನೀಲಾವತಿ ಕಾಫಿ ತಂದಿಟ್ಟಳು. ಬಿಸಿಲು, ಅಡಿಗೆಯವರು, ಫೋಟೋದವರು ಎಂದು ಮಾತೆಲ್ಲ ಮುಗಿದ ಮೇಲೆ, ಕೇಳದಿದ್ದರೆ ಸರಿಯಾಗುವುದಿಲ್ಲ ಎಂಬಂತೆ ಅವರು ಕೇಳಿದರು.

"ಕಾರು ಹೇಗುಂಟು ಭಾವ?"

ಲಾಯ್ಕ ಎಂಬ ಮಾತು ತೀರ್ಥರಾಮನ ನಾಲಗೆಯ ತುದಿಗೇ ಬಂದಿತ್ತು. ಅಡಿಗೆಮನೆಯ ಬಾಗಿಲಲ್ಲಿ ಹೇಮಶ್ರೀ ನಿಂತಿದ್ದಳು. ಅವನು ಕಾಫಿ ಲೋಟ ಬದಿಗಿಟ್ಟು, ಅಂಗಳಕ್ಕಿಳಿದು, ಬಾನೆಟ್ಟಿನ ಮೇಲಿನ ತರಗೆಲೆ ಸರಿಸಿ, ಮಡಚಿದ ಬೆರಳಿನಿಂದ ತಟ್ಟಿದ.

"ಭಾವ, ಇದು ಒಡೆದದ್ದು."

ಗೌರೀಶಂಕರರು ಎದ್ದು ನಿಂತರು. ನೀಲಾವತಿ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಸಂಬಂಧ ಹೋಯಿತೆಂದೇ ಅವಳ ಲೆಕ್ಕ.

"ಗೊತ್ತುಂಟು" ಎಂದರು ಗೌರೀಶಂಕರರು. "ಅವತ್ತು ತೋರಿಸಿಯೇ ಕೊಡುವ ಅಂತ ಇದ್ದೆ. ನೀವು ಕೈ ಹಿಡಿದ್ರಿ. ಆ ಮಾತು ಕೇಳಿದ ಮೇಲೆ ನನಗೆ ಬಾಯಿ ಬರ್ಲಿಲ್ಲ. ಫೋನಿನಲ್ಲಿ ಪ್ರತಿ ಸಲ ಕೇಳಿದ್ದೇ ಅದಕ್ಕೆ, ನೀವಾದ್ರೂ ಹೇಳ್ತೀರಿ ಅಂತ. ನೀವು ಲಾಯ್ಕ ಉಂಟು ಅಂತೀರಿ! ನಾನು ಎಂತ ಮಾಡುದು ಮಾರಾಯ್ರೆ?"

ತೀರ್ಥರಾಮನಿಗೆ ಸಿಟ್ಟು ನೆತ್ತಿಗೇರಿತು. "ನಾನು ಕೈ ಹಿಡಿದದ್ದು, ಬಾಯಿ ಹಿಡಿದದ್ದಲ್ಲ ಭಾವ. ಪುಡಿ ಹಾಕ್ಲಿಕ್ಕೆ ಗೊತ್ತಾಯ್ತು, ಹೇಳ್ಲಿಕ್ಕೆ ಗೊತ್ತಾಗ್ಲಿಲ್ಲ?"

ತಿಂಗಳಿಂದ ಕಟ್ಟಿಟ್ಟದ್ದು ಒಂದೇ ಉಸಿರಿಗೆ ಹೊರಗೆ ಬಂತು. ಗೌರೀಶಂಕರರು ತಲೆ ತಗ್ಗಿಸಿ ಕೇಳಿಸಿಕೊಂಡರು. ಮುಗಿದ ಮೇಲೆ ಜಗಲಿಯಿಂದ ಇಳಿದು, "ತಪ್ಪು ನನ್ನದು. ರಿಪೇರಿ ನಾನು ಮಾಡಿಸ್ತೇನೆ. ಗ್ಯಾರೇಜು ಎಲ್ಲಿ?" ಎಂದರು.

"ಕೆಳಗೆ ಉಂಟು, ಜಾಗ ಆಗಿದೆ ಅಂತ ನಿನ್ನೆ ಹೇಳಿದ್ದಾರೆ. ಸ್ಟಾರ್ಟ್ ಮಾಡುವ ಹಾಗಿಲ್ಲ, ದೂಡಬೇಕು."

ಗೌರೀಶಂಕರರು ಇಸ್ತ್ರಿಯ ಪಂಚೆ ಎತ್ತಿಕಟ್ಟಿ ಕಾರಿನ ಹಿಂದೆ ಹೋಗಿ ನಿಂತರು. ತೀರ್ಥರಾಮನೂ ಪಕ್ಕದಲ್ಲಿ ಹೆಗಲು ಕೊಟ್ಟ. ಹೇಮಶ್ರೀ ಬಂದು ಸ್ಟಿಯರಿಂಗ್ ಹಿಡಿದಳು. ಅಂಗಳದ ಗೇಟಿನವರೆಗೆ ಸಣ್ಣ ಏರಿದೆ, ಅದನ್ನು ದಾಟಿದರೆ ಆಮೇಲೆಲ್ಲ ಇಳಿಜಾರು. ಚಕ್ರ ಅರ್ಧ ಸುತ್ತು ತಿರುಗಿ ಅಲ್ಲೇ ನಿಂತಿತು.

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಮಾವ, ನೀವು ದೂಡುದು ಸಾಕಾಗುದಿಲ್ಲ. ಚೂರು ಜೋರು."

ತೀರ್ಥರಾಮ ದೂಡುವುದು ಬಿಟ್ಟು ಬೀಗರ ಮುಖ ನೋಡಿದ. ಗೌರೀಶಂಕರರು "ಆಯ್ತು ಮಗಳೇ" ಎಂದು ಚಪ್ಪಲಿ ಕಳಚಿ ಬದಿಗಿಟ್ಟು, ಇನ್ನಷ್ಟು ಬಗ್ಗಿ ದೂಡಿದರು.