ರಸ್ತೆಯಾಚೆಯಿಂದ ನೋಡಿದ ಬಂದೂಕು

ಮೊನ್ನೆ ಹೆಂಡತಿಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಬೆರಳಿಗೆ ಅಂಟಿದ ವಾಸನೆ ನನ್ನನ್ನು ನೇರವಾಗಿ ಕುವೈತಿನ ಶರ್ಕ್ ಪೇಟೆಗೆ ಕರೆದೊಯ್ದಿತು. ಅಲ್ಲಿ ಬೇಟೆ ಬಂದೂಕು, ಗಾಳ, ಬಲೆ ಮಾರುವ ಅಂಗಡಿಯೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಬಂದೂಕುಗಳ ಉಸ್ತುವಾರಿ ನಾವೆಲ್ಲ ಕಾಕ ಎಂದು ಕರೆಯುತ್ತಿದ್ದವರದು. ಉಳ್ಳಾಲದ ಕಡೆಯ ಬ್ಯಾರಿ, ನನಗಿಂತ ತುಂಬಾ ಹಿರಿಯರು. ಅವರ ಅಂಗಿಯ ತೋಳಿಗೆ ಸದಾ ಇದೇ ವಾಸನೆ...

ಹೊಸ ಬಂದೂಕು ಬಂದರೆ ಬಿಚ್ಚಿ ಜೋಡಿಸುವುದು, ಮರುಭೂಮಿಗೆ ಒಯ್ದು ಹೊಡೆದು ನೋಡುವುದು ಎಲ್ಲರೂ ಮಾಡುವ ಕೆಲಸ. ಕಾಕ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟು, ನನ್ನನ್ನು ಗಾಜಿನ ಬಾಗಿಲ ಹಿಂದೆ ನಿಲ್ಲಿಸಿ, ತಾವು ರಸ್ತೆ ದಾಟಿ ಆಚೆಯಿಂದ ನೋಡುತ್ತಿದ್ದರು. ಹಿಡಿದವನಿಗಿಂತ ಎದುರಿನವನ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದೇ ಮುಖ್ಯ ಎನ್ನುವುದು ಅವರ ವಾದ. ಹೆಣ್ಣು ನೋಡಲು ಹೋದವರೂ ಇಷ್ಟು ನೋಡುವುದಿಲ್ಲ ಎಂದು ನಾನು ಚುಡಾಯಿಸುತ್ತಿದ್ದೆ.

ತೊಂಬತ್ತನೇ ಇಸವಿಯ ಆರಂಭದಲ್ಲಿ ಒಂದು ಬಂದೂಕು ಮಾದರಿಗೆಂದು ಬಂತು. ಹಳೆಯ ಯುದ್ಧಗಳಲ್ಲಿ ಹೆಸರಾದ ಸಬ್‌ಮಷಿನ್ ಗನ್ನಿನದೇ ರೂಪ, ಆದರೆ ಜನಸಾಮಾನ್ಯರಿಗಾಗಿ ಮಾಡಿದ್ದು. ಒಮ್ಮೆ ಟ್ರಿಗರ್ ಒತ್ತಿದರೆ ಒಂದೇ ಗುಂಡು. ನಳಿಕೆ ಉದ್ದ ಮಾಡಿದ್ದರಿಂದ ಭಾರವೂ ಹೆಚ್ಚು. ನಮ್ಮ ಕಫೀಲ್, ಅಂದರೆ ಅಂಗಡಿಯ ಕುವೈತಿ ಮಾಲಿಕರು, ಅದಕ್ಕೆ ಮರುಳಾಗಿಬಿಟ್ಟರು. ಗುರಿ ಚೆನ್ನಾಗಿದೆ, ಒದೆತ ಕಡಿಮೆ ಎಂದು ಕಾಕನೂ ಒಪ್ಪಿದರು. ಆಮೇಲೆ ರಸ್ತೆ ದಾಟಿ ನೋಡಿ ಬಂದು, ಬೇಡ ಎಂದರು.

"ದೂರದಿಂದ ಮಿಲಿಟರಿಯದ್ದೇ ಕಾಣ್ತದೆ ಮಾರಾಯ. ಇದು ಒಂದೊಂದೇ ಹೊಡೆಯುವುದೂಂತ ಎದುರಿನವನಿಗೆ ಹೇಗೆ ಗೊತ್ತಾಗ್ಬೇಕು? ಅವ ಮೊದಲೇ ಹೊಡೆದುಬಿಡ್ತಾನೆ."

ಮಾದರಿಯನ್ನು ವಾಪಸು ಕಳಿಸುವ ಮೊದಲೇ ಆಗಸ್ಟ್ ಬಂತು, ಇರಾಕಿ ಸೈನ್ಯವೂ ಬಂತು. ಅಂಗಡಿಯ ಬಂದೂಕುಗಳನ್ನೆಲ್ಲ ಸೈನಿಕರು ಹೊತ್ತೊಯ್ದರು. ಆದರೆ ಆ ಮಾದರಿಯನ್ನು ಮಾಲಿಕರು ಸೈನ್ಯ ಬಂದ ಮೊದಲ ದಿನವೇ ಮನೆಗೆ ಒಯ್ದಿದ್ದರು. ಹೆಂಡತಿ, ಹೆಣ್ಣುಮಕ್ಕಳು ಇರುವ ಮನೆ, ಕಾವಲಿಗೆ ಇರಲಿ ಎಂದು. ಅಷ್ಟರಲ್ಲಿ ಮನೆಮನೆ ಶೋಧ ಶುರುವಾಯಿತು. ಆಯುಧ ಸಿಕ್ಕ ಮನೆಯ ಗಂಡಸರು ಉಳಿಯುವುದಿಲ್ಲ ಎಂಬ ಸುದ್ದಿ. ಕಾಕ ಹೋಗಿ, ಮಾಲಿಕರಿಗೆ ಬುದ್ಧಿ ಹೇಳಿ, ಬಂದೂಕನ್ನು ಬಿಚ್ಚಿ ಮೀನಿನ ಚೀಲದಲ್ಲಿ ತುಂಬಿಕೊಂಡು ಬ್ನೇದ್ ಅಲ್ ಗಾರ್‌ನ ನಮ್ಮ ಕೋಣೆಗೆ ತಂದರು. ಅಲ್ಲಿಂದ ಸಮುದ್ರ ಹತ್ತಿರ. ಸಮುದ್ರಕ್ಕೆ ಹಾಕಿದರೆ ಪೀಡೆ ತೊಲಗಿತು ಎಂದರು.

ನಾನೂ ಬರುತ್ತೇನೆ ಎಂದೆ. ಒಪ್ಪಲಿಲ್ಲ. ತುಂಡುಗಳ ಮೇಲೆ ಬಲೆ ತುರುಕಿ ಹೊರಗೆ ಬಂದು ನಿಂತರು.

"ನೀನು ರಸ್ತೆ ದಾಟು. ಅಲ್ಲಿಂದ ನೋಡಿ ಹೇಳು, ಹೇಗೆ ಕಾಣ್ತೇನೆ."

ದಾಟಿ ನೋಡಿದೆ. ಲುಂಗಿ, ತಲೆಗೆ ಸುತ್ತಿದ ಬೈರಾಸು, ಕೈಯಲ್ಲಿ ಚೀಲ, ಭುಜದ ಮೇಲೆ ಗಾಳದ ಕೋಲು.

"ಮೀನಿಗೆ ಹೊರಟ ಹಾಗೇ ಕಾಣ್ತದೆ ಕಾಕ."

ಅವರು ತಲೆಯಾಡಿಸಿ, ಯಲ್ಲಾ, ಹೊರಟೆ ಎಂದು ಮೂಲೆ ತಿರುಗಿದರು. ಮತ್ತೆ ಬರಲಿಲ್ಲ.

ಆಸ್ಪತ್ರೆಗಳಲ್ಲಿ ಹುಡುಕಿದೆ, ಸಿಕ್ಕಿದವರನ್ನೆಲ್ಲ ಕೇಳಿದೆ. ಕೊನೆಗೆ ಎಲ್ಲರಂತೆ ನಾನೂ ಬಸ್ರಾ, ಬಾಗ್ದಾದ್, ಅಮ್ಮಾನ್ ದಾರಿಯಲ್ಲಿ ಮುಂಬೈ ಸೇರಿದೆ. ತೊಂಬತ್ತೊಂದರಲ್ಲಿ ಮರಳಿದಾಗ ಅಂಗಡಿ ಸುಟ್ಟು ಕರಕಲಾಗಿತ್ತು. ಮಾಲಿಕರ ಮನೆಯನ್ನು ಎರಡು ಸಲ ಶೋಧಿಸಿದ್ದರಂತೆ, ಏನೂ ಸಿಗಲಿಲ್ಲವಂತೆ. ಅವರು ನನ್ನನ್ನು ಅಪ್ಪಿಕೊಂಡು ಅತ್ತರು. ಕಾಕ ಸಮುದ್ರದವರೆಗೆ ಮುಟ್ಟಿದರೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ನಾನು ಹೇಳಿದ್ದು ಸುಳ್ಳಲ್ಲ. ನನ್ನ ಕಣ್ಣಿಗೆ ಹಾಗೆಯೇ ಕಂಡಿದ್ದರು. ಮೂಲೆಯಾಚೆ ನಿಂತಿದ್ದವನ ಕಣ್ಣಿಗೆ ಹೇಗೆ ಕಂಡರೋ...

ಎಣ್ಣೆ ಕೈಯಲ್ಲೇ ಕೂತಿದ್ದೀರಲ್ಲ, ತೊಳೆದುಕೊಳ್ಳಿ ಎಂದಳು ಹೆಂಡತಿ. ಸಂಜೆಯವರೆಗೂ ನಾನು ತೊಳೆಯಲಿಲ್ಲ.