ನೌಕೆಯಮ್ಮನ ಕೊನೆಯ ಮಾತು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ನೌಕೆಯಮ್ಮ ಎಂದೇ ಕರೆಯುತ್ತಿದ್ದರು. ಪರದೇಶದ ಒಂದು ಧಾರಾವಾಹಿ. ಭೂಮಿಯ ದಾರಿ ತಪ್ಪಿದ ಆಕಾಶನೌಕೆ, ಅದರೊಳಗೆ ಮಾತುಮಾತಿಗೆ ಕಚ್ಚಾಡುವ ಜನ, ಅವರನ್ನೆಲ್ಲ ಸಂಭಾಳಿಸುವುದಕ್ಕೆ ಗೋಡೆಯೊಳಗಿಂದ ಬರುವ ಒಂದು ಯಂತ್ರದ ಹೆಣ್ಣುದನಿ. ಆ ದನಿಗೆ ನಮ್ಮ ಭಾಷೆಯಲ್ಲಿ ಮಾತು ಕೊಡುತ್ತಿದ್ದವಳು ಇವಳು. ಬಚ್ಚಲುಮನೆಯಷ್ಟಗಲದ ಕೋಣೆ. ಫ್ಯಾನು ಹಾಕುವಂತಿಲ್ಲ, ಬಳೆ ತೊಡುವಂತಿಲ್ಲ. ಹೊಟ್ಟೆ ಗುರ್ ಎಂದರೂ ಮೈಕಿಗೆ ಕೇಳಿಬಿಡುತ್ತದೆಂದು ಬೆಳಗ್ಗೆ ಗಟ್ಟಿಯಾಗಿ ತಿಂದೇ ಬರಬೇಕು.

ಒಂದು ಕಾಲಕ್ಕೆ ಅವಳಿಗೆ ರಂಗದ ಮೇಲೆ ನಿಲ್ಲುವ ಹುಚ್ಚು. ನಾಟಕ ತಂಡದ ಜೊತೆ ಊರೂರು ಅಲೆಯುತ್ತಿದ್ದಾಗ ಅಮ್ಮ ಹಾಸಿಗೆ ಹಿಡಿದಳು. ನೋಡಿಕೊಂಡವಳು ಅಕ್ಕ ಒಬ್ಬಳೇ. ಇದೊಂದು ಆಟ ಮುಗಿಸಿ ಬರುತ್ತೇನೆ, ಇನ್ನೊಂದು ಮುಗಿಸಿ ಬರುತ್ತೇನೆ ಎನ್ನುತ್ತ ತಂಗಿ ಬಂದು ಮುಟ್ಟುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ಅಕ್ಕ ಕೂಗಾಡಲಿಲ್ಲ. ಬಾಗಿಲಲ್ಲೇ ನಿಂತು, "ಇನ್ನು ನಿನ್ನ ಮುಖ ತೋರಿಸಬೇಡ" ಎಂದಳು. ಆಮೇಲೆ ಎಷ್ಟೋ ಸಲ ಇವಳು ಫೋನ್ ಮಾಡಿದಳು. ಅಕ್ಕ ಎತ್ತುವಳು, ಇವಳ ದನಿ ಕೇಳುತ್ತಲೇ ಇಟ್ಟುಬಿಡುವಳು. ಕೊನೆಗೆ ಇವಳೂ ಸುಮ್ಮನಾದಳು. ತಂಡ ಚದುರಿತು, ಹೊಟ್ಟೆಪಾಡಿಗೆ ಡಬ್ಬಿಂಗ್ ಕೈಹಿಡಿಯಿತು.

ನೌಕೆ ಇಂದಲ್ಲ ನಾಳೆ ಭೂಮಿ ಸೇರುತ್ತದೆಂದು ಜನ ವರ್ಷಗಟ್ಟಲೆ ಕಾದಿದ್ದರು. ಆದರೆ ಆ ವಾರದ ಕಂತಿನಲ್ಲಿ ನೌಕೆಯ ಶಕ್ತಿ ಬರಿದಾಗುತ್ತದೆ. ಉಳಿದವರು ಉಸಿರಾಡಲಿ ಎಂದು ಆ ದನಿ ತನ್ನನ್ನು ತಾನೇ ನಂದಿಸಿಕೊಳ್ಳುತ್ತದೆ. ಯಂತ್ರಕ್ಕೂ ಸಾವು ಬಂದೀತೆಂದು ಯಾರು ಎಣಿಸಿದ್ದರು?

ಹಾಳೆಯಲ್ಲಿದ್ದ ಕೊನೆಯ ಮಾತು "ವಿದಾಯ, ಪ್ರಯಾಣಿಕರೇ" ಎಂದು. ಎಷ್ಟು ಹೇಳಿದರೂ ಅದು ಅವಳ ಬಾಯಲ್ಲಿ ಕೂರಲಿಲ್ಲ.

"ನಿಮಗೆ ತೋಚಿದ್ದು ಹೇಳಿಬಿಡಿ ಅಮ್ಮ" ಎಂದ ನಿರ್ದೇಶಕ. "ತುಟಿಯೇ ಇಲ್ಲದ ಪಾತ್ರ, ಮಾತಿಗೆ ತುಟಿ ಕೂಡಿಸೋ ತಲೆನೋವಿಲ್ಲ."

ಅವಳು ಕಣ್ಣು ಮುಚ್ಚಿದಳು. "ದೀಪ ಆರಿಸ್ತೀನಿ, ಮಲಗಿ ಮಕ್ಕಳೇ. ನಾನಿಲ್ಲೇ ಇದ್ದೀನಿ." ಗಾಜಿನಾಚೆ ಕೂತ ನಿರ್ದೇಶಕ ಕೈ ಎತ್ತಿ ಸರಿ ಎಂದ.

ಕಂತು ಬಂದ ಮರುದಿನ ಬಸ್ಸಿನಲ್ಲಿ ಅವಳ ಮುಂದಿನ ಸೀಟಿನಲ್ಲಿ ಇಬ್ಬರು ಹುಡುಗಿಯರು.

"ಒಂದು ಮಷೀನಿಗೆ ಯಾರಾದ್ರೂ ಅಳ್ತಾರೇನೇ?"

"ನೀನು ಅಳಲಿಲ್ವಾ? ಕಣ್ಣು ನೋಡು, ಹೇಗೆ ಊದಿದೆ!"

"ನನಗೆ ನೆಗಡಿ ಕಣೇ."

ಔಷಧಿ ಅಂಗಡಿಯವನು ಬಂದವರೆದುರಿಗೆಲ್ಲ ಕಥೆ ಬರೆದವನಿಗೆ ಶಾಪ ಹಾಕುತ್ತಿದ್ದ. "ನಮ್ಮತ್ತೆ ಬೆಳಗ್ಗೆಯಿಂದ ಬಾಯಿಗೆ ನೀರು ಹಾಕಿಲ್ಲ ಕಣ್ರೀ! ಮನೇಲಿ ಯಾರೋ ಹೋದ ಹಾಗಿದೆ." ನಾನೇ ಅದು ಎನ್ನುವ ಮಾತು ಅವಳ ನಾಲಗೆಯ ತುದಿಗೆ ಬಂತು. ಅಂದು ಪ್ರಯೋಜನವೇನು? ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡಿಯಾನು, ಅಷ್ಟೇ. ಅವಳಿಗೆ ಬೇಕಾಗಿದ್ದ ಕಿವಿಯೇ ಬೇರೆ. ಗಂಟಲಿನ ಮಾತ್ರೆ ಕೊಂಡು ಮನೆಗೆ ಬಂದಳು.

ಮಧ್ಯಾಹ್ನ ತಟ್ಟೆ ಮುಂದೆ ಕೂತಿದ್ದಾಗ ಫೋನ್ ಬಂತು. ಅಕ್ಕನ ನಂಬರು. ಎಡಗೈಯಲ್ಲೇ ಎತ್ತಿದಳು.

"ಅಮ್ಮ ಹೇಳ್ತಿದ್ದ ಮಾತಲ್ವೇನೇ ಅದು?" ಎಂದಳು ಅಕ್ಕ, ಹಲೋ ಇಲ್ಲ, ಏನಿಲ್ಲ.

"ಅಕ್ಕಾ... ನೀನು ಅದನ್ನ ನೋಡ್ತೀಯಾ?"

"ನೋಡೋದೇನು! ಯಾವ ಗ್ರಹವೋ, ಯಾವ ನಕ್ಷತ್ರವೋ, ಒಂದೂ ತಲೆಗೆ ಹತ್ತಲ್ಲ. ಮೊದಲನೇ ದಿನವೇ ದನಿ ಗುರುತು ಸಿಕ್ತು. ವಾರಕ್ಕೊಂದ್ಸಲ ಕಿವಿಗೆ ಬೀಳ್ತಿತ್ತಲ್ಲ, ಅದಕ್ಕೇ ಕೂತಿರ್ತಿದ್ದೆ. ಈಗ ಸಾಯಿಸೇಬಿಟ್ರಲ್ಲೇ! ಮತ್ತೆ ಬದುಕಿ ಬರ್ತಾಳಾ?"

"ಇಲ್ಲಕ್ಕ. ನನ್ನ ಕೆಲಸ ಮುಗೀತು."

"ಹಾಗಾದ್ರೆ ಈಗ ಮಾತಾಡು. ಏನಾದ್ರೂ ಸರಿ."

ನೂರು ಪಾತ್ರಕ್ಕೆ ನೂರು ದನಿ ತೆಗೆದವಳು ತನ್ನದೇ ದನಿಯಲ್ಲಿ ಬಸ್ಸಿನ ಹುಡುಗಿಯ ನೆಗಡಿಯ ಕಥೆ ಹೇಳಿದಳು. ಅಕ್ಕ ಫಕ್ಕನೆ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ತಟ್ಟೆಯಲ್ಲಿ ಅನ್ನ ಆರಿದ್ದೂ, ಬೆರಳಲ್ಲಿ ಎಂಜಲು ಒಣಗಿದ್ದೂ ಅವಳಿಗೆ ತಿಳಿಯಲಿಲ್ಲ.

ಅಂದಿನಿಂದ ವಾರ ತಪ್ಪದೆ ಅಕ್ಕ ಫೋನ್ ಮಾಡುತ್ತಾಳೆ. ಇವಳು ಬಿಸ್ಕತ್ತಿನ ಜಾಹೀರಾತಿಗೆ ಅಜ್ಜಿಯಾಗಿದ್ದು, ಮಕ್ಕಳ ಕಾರ್ಟೂನಿಗೆ ರಾಕ್ಷಸಿಯಾಗಿದ್ದು ಎಲ್ಲ ಹೇಳುತ್ತಾಳೆ. ಅಕ್ಕ ತನ್ನ ವಿಷಯ ಹೆಚ್ಚಿಗೆ ಎತ್ತುವುದಿಲ್ಲ. ಅಮ್ಮನ ಮಂಚವನ್ನು ಕಿಟಕಿಯ ಬಳಿಗೆ ಎಳೆದು, ಈಗ ಅದರ ಮೇಲೆ ನಾನೇ ಮಲಗುತ್ತೇನೆ ಎಂದಿದ್ದಳು ಒಂದು ಸಲ. ಮಾತು ಮುಗಿಯುವ ಹೊತ್ತಿಗೆ ಇವಳು ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಾಳೆ.

"ಸರಿ, ಇಡ್ಲಾ?" ಎನ್ನುತ್ತಾಳೆ ಅಕ್ಕ.

"ಇಡು."

ಬಾ ಎಂದು ಅಕ್ಕ ಇನ್ನೂ ಕರೆದಿಲ್ಲ. ಬರಲಾ ಎಂದು ಕೇಳುವ ಧೈರ್ಯ ಇವಳಿಗಿಲ್ಲ. ಅಕ್ಕನ ಊರಿನ ಬಸ್ಸು ಇವಳ ಮನೆಯ ಮುಂದಿನ ರಸ್ತೆಯಲ್ಲೇ ಹಾದುಹೋಗುತ್ತದೆ. ಮಹಡಿಯ ಮೇಲೆ ಬಟ್ಟೆ ಹರವುವಾಗ ಅದು ಕಂಡರೆ, ಕೈಯಲ್ಲಿದ್ದುದನ್ನು ಹಾಗೇ ಹಿಡಿದುಕೊಂಡು, ಬಸ್ಸು ತಿರುವು ದಾಟುವ ತನಕ ನಿಂತುಬಿಡುತ್ತಾಳೆ.